ನಮ್ಮ ಮನೆಯ ಮೈಸೂರು ಬೋಂಡ

ಪೆರಂಬೂರಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತವರಿಗೆ ಮೊದಲು ನೀರು, ಆಮೇಲೆ ಪ್ರಶ್ನೆ, ಅನ್ನ ಕೊನೆಗೆ. ಬಡಿಸುವುದು ಅಮ್ಮನ ಕೆಲಸ, ಕೇಳುವುದು ಅಪ್ಪನದು. ಅಪ್ಪ ಎಗ್ಮೋರ್ ಸ್ಟೇಷನ್ನಿನ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ರೈಲಿಗೆ ಇನ್ನೂ ಹೊತ್ತಿರುವ ಪ್ರಯಾಣಿಕರು ಕಾಫಿ ಮುಗಿಸಿ, ಬಿಲ್ಲು ಕೊಟ್ಟು, ಬಿಸಿಲಿಗೆ ಇಳಿಯಲು ಮನಸ್ಸಿಲ್ಲದೆ ಗಲ್ಲಾದ ಮುಂದೆ ನಿಂತು ಏನಾದರೊಂದು ಮಾತು ತೆಗೆಯುತ್ತಿದ್ದರು. ಅಪ್ಪನ ಸಾಮಾನ್ಯ ಜ್ಞಾನವೆಲ್ಲ ಆ ಮಾತುಗಳಿಂದ ಬಂದದ್ದು. ಕ್ರಿಕೆಟ್ ಪಿಚ್ಚಿನ ಉದ್ದ ಇಪ್ಪತ್ತೆರಡು ಗಜ ಎಂದು ಹೇಳಿಕೊಟ್ಟದ್ದು ಮಧುರೆಯ ರೈಲು ತಪ್ಪಿಸಿಕೊಂಡ ಒಬ್ಬ ಡ್ರಿಲ್ ಮೇಷ್ಟ್ರು. ಮೆಣಸಿನಕಾಯಿ ನಮ್ಮ ದೇಶದ್ದೇ ಅಲ್ಲ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು ಎಂದು ತಿಳಿಸಿದ್ದು ಮ್ಯೂಸಿಯಮ್ಮು ನೋಡಲು ಬಂದಿದ್ದ ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಹಾಗೆ ಬಂದದ್ದನ್ನೆಲ್ಲ ಅಪ್ಪ ಸಂಜೆ ಮನೆಗೆ ಹೊತ್ತು ತಂದು, ಕೈಕಾಲು ತೊಳೆದು, ಚಾಪೆಯ ಮೇಲೆ ಕೂತು ನಮ್ಮ ಮುಂದೆ ಸುರಿಯುತ್ತಿದ್ದರು. ಮೆಣಸಿನಕಾಯಿ ಸುದ್ದಿ ಕೇಳಿದ ದಿನ ಅಮ್ಮ ಸಾರಿನ ಸೌಟು ಹಿಡಿದುಕೊಂಡೇ, ಹಾಗಾದರೆ ಅದಕ್ಕೆ ಮೊದಲು ನಮ್ಮ ಹಿರಿಯರು ಸಪ್ಪೆ ಉಂಡು ಸತ್ತರಾ ಎಂದು ಕೇಳಿದ್ದಳು. ಕಾಳುಮೆಣಸು ಇತ್ತಲ್ಲ ಎಂದು ಅಪ್ಪ ಗೆದ್ದವರ ಹಾಗೆ ಹೇಳಿದರು. ಅವರಿಗೆ ಒಂದು ನಂಬಿಕೆ ಇತ್ತು: ಒಂದು ಪ್ರಶ್ನೆಗೆ ಒಂದೇ ಉತ್ತರ ಇರಬೇಕು. ಎರಡಿದ್ದರೆ ಆ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತಿದ್ದರು.

ಮನೆ ಎಂದರೆ ಮಹಡಿಯ ಮೇಲಿನ ಎರಡು ಕೋಣೆ, ಅಡುಗೆಮನೆ, ಬಟ್ಟೆ ಒಣಗಿಸಲು ಒಂದು ಮೊಟ್ಟೆಮಾಡಿ. ಟೆರೇಸಿಗೆ ಕನ್ನಡದಲ್ಲಿ ಏನೆನ್ನಬೇಕು ಎಂದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ತಮಿಳಿನ ಈ ಮಾತೇ ನಮ್ಮ ಮನೆಮಾತಾಗಿತ್ತು. ಅಡುಗೆಮನೆಯ ಕಿಟಕಿಗೆ ರೈಲ್ವೆ ವರ್ಕ್‌ಶಾಪಿನ ಗೋಡೆ ಕಾಣುತ್ತಿತ್ತು. ಅಲ್ಲಿ ಪಾಳಿ ಮುಗಿದ ಸಂಗು, ಅಂದರೆ ಸೈರನ್ನು, ಊದಿದಾಗ ಅಮ್ಮ ಅಕ್ಕಿ ತೊಳೆಯುತ್ತಿದ್ದಳು, ಅಪ್ಪ ಬರುವ ಹೊತ್ತಿಗೆ ಕುಕ್ಕರ್ ಕೂಗುತ್ತಿತ್ತು. ನೀರು ಕೆಳಗಿನ ಅಡಿಪಂಪನ್ನು ಕೈಯಿಂದ ಒತ್ತಿ ಹಿಡಿದದ್ದು, ನಾನು ಮತ್ತು ಅಮ್ಮ ಪ್ಲಾಸ್ಟಿಕ್ ಕೊಡದಲ್ಲಿ ಹೊತ್ತು ತಂದದ್ದು. ಪ್ರಶ್ನೆಯಲ್ಲಿ ನಾಲ್ಕು ಬಗೆ: ಆಟ, ಊಟ, ರಾಜರು, ಗಾದೆ. ಗಾದೆಯ ಸರದಿ ಬಂದರೆ ನನಗೆ ನಡುಕ. ಅಪ್ಪ ಅರ್ಧ ಹೇಳುತ್ತಿದ್ದರು, ಉಳಿದರ್ಧ ನಾವು ಹೇಳಬೇಕು. ತಮಿಳು ಮತ್ತು ಇಂಗ್ಲಿಷ್ ಶಾಲೆಯಲ್ಲಿ ಬೆಳೆಯುತ್ತಿದ್ದ ನಾನು ಕನ್ನಡದ ತಲೆಗೆ ತಮಿಳಿನ ಬಾಲ ಅಂಟಿಸಿಬಿಡುತ್ತಿದ್ದೆ. ಅಮ್ಮ ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತಿದ್ದಳು, ಅಪ್ಪ ಸೊನ್ನೆ ಕೊಡುತ್ತಿದ್ದರು. ಉಳಿದ ಮೂರರಲ್ಲಿ ನನ್ನನ್ನು ಸೋಲಿಸುವವರು ಯಾರೂ ಇರಲಿಲ್ಲ, ಹೇಮಾ ಬರುವ ತನಕ.

ಹೇಮಾ ಕೆಳಗಿನ ಮನೆಯವಳು, ನನ್ನ ವಯಸ್ಸಿನವಳೇ. ಅವಳ ಅಪ್ಪ ಕೋಚ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಮೈಸೂರಿನಿಂದ ಹೆಂಡತಿ ಮಗಳೊಡನೆ ಬಂದವರು. ಬಂದ ಸ್ವಲ್ಪ ದಿನಕ್ಕೇ ಹೆಂಡತಿ ಕಮಲಾ ಕಾಯಿಲೆ ಬಿದ್ದು ತೀರಿಕೊಂಡರು. ಸುದ್ದಿಯನ್ನು ತಡವಾಗಿ ತಿಳಿಸಿದನೆಂದು ಮೈಸೂರಿನಿಂದ ಬಂದ ಹೇಮಾಳ ಅಜ್ಜಿ, ಕಮಲಾ ಅವರ ತಾಯಿ, ಅಳಿಯನನ್ನು ಎಲ್ಲರೆದುರು ಅಂದರಂತೆ. ಹೆಣ ಮುಂದಿಟ್ಟುಕೊಂಡು ಆಡಿದ ಆ ಮಾತನ್ನು ಹೇಮಾಳ ಅಪ್ಪ ಮರೆಯಲಿಲ್ಲ. ಇನ್ನು ಆ ಮನೆಯ ಹೊಸಿಲು ನಾನೂ ತುಳಿಯುವುದಿಲ್ಲ, ನನ್ನ ಮಗಳನ್ನೂ ಕಳಿಸುವುದಿಲ್ಲ ಎಂದು ನಮ್ಮ ಅಪ್ಪನೆದುರೇ ಹೇಳಿದ್ದರು. ಒಳ್ಳೆಯ ಮನುಷ್ಯ, ಮಗಳ ಜಡೆ ತಾವೇ ಹೆಣೆಯುತ್ತಿದ್ದರು, ಆದರೆ ಮಾತು ಕೊಟ್ಟರೆ ಕೊಟ್ಟದ್ದೇ. ಅವರಿಗೆ ಪಾಳಿ ಕೆಲಸ. ಸಂಜೆ ಹುಡುಗಿ ಒಬ್ಬಳೇ ಕತ್ತಲೆ ಮನೆಯಲ್ಲಿ ಕೂತಿರುವುದನ್ನು ಅಮ್ಮ ಮೆಟ್ಟಿಲಿಳಿಯುವಾಗ ಕಂಡು, ಏನೂ ಕೇಳದೆ ಕೈ ಹಿಡಿದು ಮೇಲೆ ಕರೆದುಕೊಂಡು ಬಂದಳು. ಅವತ್ತಿನಿಂದ ಹೇಮಾಳ ರಾತ್ರಿಯೂಟ ನಮ್ಮಲ್ಲಿ.

ಮೊದಲ ದಿನ ಅವಳು ತಟ್ಟೆ ಮುಟ್ಟಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಬಸ್ಸಿಗೆ ಕಾದವಳ ಹಾಗೆ ಕೂತಿದ್ದಳು. ಅಮ್ಮ ಎದ್ದು ಹೋಗಿ ಮೈದಾಕ್ಕೆ ಹುಳಿಮೊಸರು ಕಲಸಿ, ಹಸಿಮೆಣಸು ಶುಂಠಿ ಹಾಕಿ ಗೋಳಿಬಜೆ ಕರಿದಳು. ಅದು ನಮ್ಮ ಊರು ಉಡುಪಿಯ ಕಡೆಯ ತಿಂಡಿ. ಬಿಸಿಬಿಸಿ ತಟ್ಟೆಗೆ ಹಾಕಿ, ನಿಮ್ಮ ಕಡೆ ಇದಕ್ಕೆ ಎಂತ ಹೇಳ್ತಾರೆ ಮಗಾ ಎಂದು ಕೇಳಿದಳು. ಹೇಮಾ ಅದರ ಗುಂಡನೆಯ ಮೈಯನ್ನು ಬೆರಳಿನಿಂದ ಒತ್ತಿ ನೋಡಿ, ಮೈಸೂರು ಬೋಂಡ ಎಂದಳು. ಅಜ್ಜಿ ಮನೆಯಲ್ಲಿ ಮಾಡುತ್ತಿದ್ದರು ಎಂದು ಸೇರಿಸಿದಳು. ಆಮೇಲೆ ತಿಂದಳು, ತಟ್ಟೆ ಖಾಲಿಯಾಗುವ ತನಕ ತಿಂದಳು. ಅಮ್ಮ ಅವತ್ತೇ ಗೋಳಿಬಜೆ ಎಂಬ ಹೆಸರನ್ನು ಮನೆಯಿಂದ ಹೊರಗೆ ಹಾಕಿದಳು. ಅಪ್ಪ ಸುಮ್ಮನಿರಲಿಲ್ಲ. ಮೈಸೂರು ಬೋಂಡ ಎಂದರೆ ಉದ್ದು ರುಬ್ಬಿ, ಕಾಯಿಚೂರು ಮತ್ತು ಕಾಳುಮೆಣಸು ಹಾಕಿ ಕರಿಯುವುದು, ತನ್ನ ಹೋಟೆಲಿನಲ್ಲಿ ದಿನಾ ಹೋಗುವ ತಿಂಡಿ ಅದು, ಇಲ್ಲಿ ಮೈದಾ ಎಲ್ಲಿಂದ ಬಂತು ಎಂದು ಶುರುಮಾಡಿದರು. ಅಮ್ಮ ಅವರ ಮಾತು ಮುಗಿಯಲು ಬಿಡಲಿಲ್ಲ.

“ಹೋಟೆಲಿನದ್ದು ಹೋಟೆಲಿನಲ್ಲಿರಲಿ. ಈ ಮನೆಯಲ್ಲಿ ಮೈಸೂರು ಬೋಂಡ ಅಂದ್ರೆ ಇದೇ.”

ಅಪ್ಪ ಸೋತರು, ಸಂತೋಷದಿಂದಲೇ ಸೋತರು. ಎಷ್ಟರಮಟ್ಟಿಗೆ ಅಂದರೆ ಒಂದು ಸಂಜೆ ಊಟದ ಪ್ರಶ್ನೆಯಾಗಿ ಅದನ್ನೇ ಕೇಳಿದರು, ಮೈಸೂರು ಬೋಂಡಕ್ಕೆ ಬೇಕಾದ ಹಿಟ್ಟು ಯಾವುದು ಎಂದು. ಹೇಮಾ ಮೈದಾ ಎಂದಳು. ಅಪ್ಪ ಅಮ್ಮನ ಕಡೆ ಕಳ್ಳನೋಟ ಬೀರಿ, ಸರಿ ಎಂದು ಅವಳಿಗೆ ಅಂಕ ಕೊಟ್ಟರು. ನಾವು ನಾಲ್ಕೂ ಜನ ನಕ್ಕೆವು. ನನಗೆ ಆ ನಗು ಚೆನ್ನಾಗಿ ನೆನಪಿದೆ.

ಹೇಮಾ ಬಂದ ಮೇಲೆ ನಮ್ಮ ಊಟಕ್ಕೆ ರುಚಿ ಬಂತು. ರಾಜರ ಪ್ರಶ್ನೆಗಳಲ್ಲಿ ಅವಳು ನನ್ನನ್ನು ನುಣ್ಣಗೆ ಅರೆಯುತ್ತಿದ್ದಳು, ಆಟದಲ್ಲಿ ನಾನು. ಗಾದೆಯಲ್ಲಿ ಅವಳದೇ ರಾಜ್ಯ. ಅಜ್ಜಿಯ ಮಡಿಲಲ್ಲಿ ಕಲಿತದ್ದು. ಅಮ್ಮ ಕೂಡ ಕೇಳಿರದ ಕೆಲವನ್ನು ಅವಳು ಹೇಳಿದಾಗ ಅಮ್ಮ ಸೌಟು ಕೆಳಗಿಟ್ಟು ಇನ್ನೊಮ್ಮೆ ಹೇಳು ಎನ್ನುತ್ತಿದ್ದಳು. ದೊಡ್ಡವರೆದುರು ನಾವು ಕನ್ನಡ ಮಾತಾಡುತ್ತಿದ್ದೆವು, ಅವಳದು ಮೈಸೂರಿನದು, ನನ್ನದು ಉಡುಪಿಯದು. ಮೆಟ್ಟಿಲ ಮೇಲೆ ಇಬ್ಬರೇ ಕೂತಾಗ ತಮಿಳು. ಶಾಲೆಯ ಸುದ್ದಿ, ಮೇಷ್ಟರ ಅಣಕ, ಬೈಗುಳ, ಗುಟ್ಟು ಎಲ್ಲ ತಮಿಳಿನಲ್ಲೇ, ಡೀ ಎಂದು ಕರೆದುಕೊಂಡು. ಅಪ್ಪ ಬೇಸರಪಡುತ್ತಿದ್ದರು. ಆದರೆ ಡೀ ಎನ್ನುವುದರಲ್ಲಿದ್ದ ಸಲಿಗೆಯನ್ನು ಕನ್ನಡದಲ್ಲಿ ಹೇಗೆ ಹೇಳಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.

ನಾವು ಆರನೆಯ ಕ್ಲಾಸಿನಲ್ಲಿದ್ದಾಗ ನಗರದ ಒಂದು ಕನ್ನಡ ಸಂಘದವರು ಮಕ್ಕಳಿಗೆ ಸಾಮಾನ್ಯ ಜ್ಞಾನದ ಸ್ಪರ್ಧೆ ಇಟ್ಟರು. ಗೆದ್ದವರನ್ನು ಮೈಸೂರಿನಲ್ಲಿ ನಡೆಯುವ ಹೊರನಾಡ ಕನ್ನಡ ಮಕ್ಕಳ ಸ್ಪರ್ಧೆಗೆ ಸಂಘವೇ ಕಳಿಸುತ್ತದೆ ಎಂದರು. ಮೈಸೂರು ಎಂಬ ಹೆಸರು ಕೇಳಿದ್ದೇ ಹೇಮಾ ಮೆಟ್ಟಿಲಿಳಿದು ಓಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಅವಳ ಅಪ್ಪ ಬಹಳ ಹೊತ್ತು ಯೋಚಿಸಿ, ತಮ್ಮ ಮಾತೂ ಮುರಿಯದ, ಮಗಳ ಮನಸ್ಸೂ ಮುರಿಯದ ಒಂದು ದಾರಿ ಹುಡುಕಿ ಕೊಟ್ಟರು.

“ಗೆದ್ದು ಹೋಗೋದಾದ್ರೆ ಹೋಗು. ಅದು ನಿನ್ನ ಓದಿನ ವಿಷ್ಯ. ಅಲ್ಲಿಗೆ ಹೋದ್ಮೇಲೆ ಯಾರನ್ನ ನೋಡ್ತೀಯೋ, ಬಿಡ್ತೀಯೋ, ನಾನು ಕೇಳಲ್ಲ.”

ಆ ಮಾತು ಹಿಡಿದುಕೊಂಡು ಅವಳು ಓದಿದ ಹಾಗೆ ನಾನು ಜನ್ಮದಲ್ಲಿ ಓದಿಲ್ಲ. ಅಮ್ಮ ಚಪಾತಿ ಲಟ್ಟಿಸುತ್ತಾ ಅವಳಿಗೆ ಪ್ರಶ್ನೆ ಕೇಳುತ್ತಿದ್ದಳು, ತಪ್ಪು ಕೇಳುತ್ತಿದ್ದಳು, ಹೇಮಾ ಪ್ರಶ್ನೆಯನ್ನೂ ತಿದ್ದಿ ಉತ್ತರವನ್ನೂ ಹೇಳುತ್ತಿದ್ದಳು. ಅಜ್ಜಿಗೆ ಕಣ್ಣು ಮಂಜಾಗಿದೆಯಂತೆ, ನನ್ನನ್ನು ಗುರುತು ಹಿಡಿಯುತ್ತಾರೋ ಇಲ್ಲವೋ ಎಂದು ಒಮ್ಮೆ ಮೆಟ್ಟಿಲ ಮೇಲೆ ನನ್ನನ್ನು ಕೇಳಿದಳು. ಹಿಡಿಯದೆ ಏನು, ನಿನ್ನ ಮೂಗು ಸಾಕು ಎಂದು ನಾನು ತಮಾಷೆ ಮಾಡಿದೆ. ನನಗೂ ಗೆಲ್ಲುವ ಆಸೆ ಇತ್ತು. ಅರಮನೆಯ ದೀಪ, ಮೃಗಾಲಯ, ರೈಲಿನ ಪ್ರಯಾಣ; ನಾನೂ ಹನ್ನೊಂದು ವರ್ಷದ ಹುಡುಗಿಯೇ. ಅವಳಿಗೆ ಬೇಕಾದದ್ದು ಅಜ್ಜಿ, ನನಗೆ ಬೇಕಾದದ್ದು ಆನೆ ಎಂದು ಈಗ ತೂಗಿ ನೋಡಬಲ್ಲೆ. ಆಗ ತೂಗಲಿಲ್ಲ.

ಸ್ಪರ್ಧೆಯ ದಿನ ಅಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಊಟ ತಿಂಡಿಯ ಪ್ರಶ್ನೆಗಳಲ್ಲಿ ಅನುಮಾನ ಬಂದರೆ ತೀರ್ಪು ಹೇಳಲು ಹೋಟೆಲಿನವರು ಒಬ್ಬರು ಬೇಕೆಂದು ಸಂಘದವರೇ ಕೇಳಿಕೊಂಡಿದ್ದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಮೊಣಕಾಲ ಮೇಲೆ ಕೈಯಿಟ್ಟು, ಪರೀಕ್ಷೆಗೆ ಬಂದವರು ತಾವೇ ಎನ್ನುವಂತೆ ಕೂತಿದ್ದರು. ಅಮ್ಮ ಹೆಂಗಸರ ಸಾಲಿನಲ್ಲಿ. ಒಬ್ಬೊಬ್ಬರೇ ಮಕ್ಕಳು ಇಳಿದು ಹೋಗಿ ಕೊನೆಗೆ ವೇದಿಕೆಯ ಮೇಲೆ ಉಳಿದವರು ನಾನು ಮತ್ತು ಹೇಮಾ, ಇಬ್ಬರಿಗೂ ಸಮ ಅಂಕ. ಪ್ರಶ್ನೆ ಕೇಳುತ್ತಿದ್ದ ಕಾಲೇಜು ಮೇಷ್ಟ್ರು ಡಬ್ಬಿಯಿಂದ ಒಂದು ಚೀಟಿ ತೆಗೆದು ಓದಿದರು. ಮೈಸೂರು ಬೋಂಡ ಮಾಡಲು ಬೇಕಾದ ಮುಖ್ಯ ಪದಾರ್ಥ ಯಾವುದು? ಮೊದಲ ಸರದಿ ಹೇಮಾಳದು. ಅವಳ ಮುಖ ಅರಳಿದ್ದನ್ನು ನಾನು ಪಕ್ಕದಿಂದ ನೋಡಿದೆ. ಅವಳು ಮೇಷ್ಟರನ್ನು ನೋಡಲೇ ಇಲ್ಲ, ಹೆಂಗಸರ ಸಾಲಿನಲ್ಲಿದ್ದ ಅಮ್ಮನನ್ನು ನೋಡಿ ಉತ್ತರ ಹೇಳಿದಳು.

“ಮೈದಾ.”

ಮೇಷ್ಟರಿಗೆ ಅನುಮಾನ. ಚೀಟಿಯಲ್ಲಿ ಬೇರೆ ಏನೋ ಇತ್ತು, ಆದರೆ ಅವರ ಮನೆಯಲ್ಲೂ ಮೈದಾದಲ್ಲೇ ಮಾಡುತ್ತಿದ್ದರೋ ಏನೋ, ಅಪ್ಪನ ಕಡೆ ತಿರುಗಿ ತಾವೇ ಹೇಳಬೇಕು ಎಂದರು. ಅಪ್ಪ ಎದ್ದು ನಿಂತರು. ಅವರು ಹೇಮಾಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ಹೊತ್ತಿನಲ್ಲಿ ಅವರ ತಲೆಯಲ್ಲಿ ಏನು ಓಡಿತು ಎಂದು ನಾನು ಮುಂದೆ ಎಂದೂ ಕೇಳಲಿಲ್ಲ. ತಪ್ಪಮ್ಮ, ಅದು ಮೈದಾ ಅಲ್ಲ ಎಂದರು. ಪ್ರಶ್ನೆ ನನಗೆ ದಾಟಿತು. ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಮ್ಮ ಮನೆಯ ಚಾಪೆಯ ಮೇಲೆ ಕೂತು ಊಟ ಮಾಡುವ ನಾಲ್ವರಿಗೆ ಮಾತ್ರ ಗೊತ್ತಿತ್ತು, ಇದೇ ಪ್ರಶ್ನೆಗೆ ಇದೇ ಉತ್ತರಕ್ಕೆ ಇದೇ ಮನುಷ್ಯ ಅಂಕ ಕೊಟ್ಟಿದ್ದಾರೆ ಎಂದು. ನಾನು ಗೊತ್ತಿಲ್ಲ ಎನ್ನಬಹುದಿತ್ತು, ಆಗ ಇನ್ನೊಂದು ಚೀಟಿ ತೆಗೆಯುತ್ತಿದ್ದರು. ಆದರೆ ಗೊತ್ತಿರುವುದನ್ನು ಗೊತ್ತಿಲ್ಲ ಎನ್ನುವುದು ನನಗೆ ಅಭ್ಯಾಸವಿರಲಿಲ್ಲ. ಉದ್ದು ಎಂದೆ. ಚಪ್ಪಾಳೆ ಬಿತ್ತು.

ಇಳಿದು ಬರುವಾಗ ನಾನು ಅವಳ ಕೈ ಹಿಡಿದು ತಮಿಳಿನಲ್ಲಿ ಏನೋ ಗೊಣಗಿದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಅಳಲೂ ಇಲ್ಲ. ನನ್ನನ್ನು ನೋಡಿ ಸ್ವಚ್ಛ ಕನ್ನಡದಲ್ಲಿ ಹೇಳಿದಳು.

“ಪರವಾಗಿಲ್ಲ ಶೈಲಾ. ನೀನು ಹೇಳಿದ್ದು ಸರಿಯಾಗಿತ್ತು.”

ಅವಳು ನನ್ನೊಡನೆ ಒಂಟಿಯಾಗಿ ಕನ್ನಡ ಆಡಿದ್ದು ಅದೇ ಮೊದಲು. ದೊಡ್ಡವರು ಕೇಳಿದ್ದರೆ ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಎನ್ನುತ್ತಿದ್ದರು. ಡೀ ಎನ್ನುವವಳು ಶೈಲಾ ಎಂದಾಗ ನನಗೆ ಗೊತ್ತಾಯಿತು, ನನ್ನನ್ನು ಅವಳು ದೊಡ್ಡವರ ಕಡೆಗೆ, ಮೇಲಿನ ಮನೆಯವರ ಕಡೆಗೆ ಸೇರಿಸಿಬಿಟ್ಟಳು.

ಅಂದು ಸಂಜೆ ಅಮ್ಮ ನಾಲ್ಕು ತಟ್ಟೆ ಹಾಕಿದಳು. ಹೇಮಾ ಬರಲಿಲ್ಲ. ಕರೆಯಲು ಹೋದ ನನಗೆ ಅವಳ ಅಪ್ಪ, ಇವತ್ತು ನಾನೇ ಅನ್ನ ಮಾಡಿದೀನಮ್ಮ ಎಂದು ನಯವಾಗಿ ಹೇಳಿ ಕಳಿಸಿದರು. ಮಾರನೆಯ ದಿನವೂ ಹಾಗೇ. ಅಮ್ಮ ಡಬ್ಬಿಯಲ್ಲಿ ಪಲ್ಯ ಹಾಕಿ ಕಳಿಸಿದಳು. ಡಬ್ಬಿ ತೊಳೆದು ಒರೆಸಿ, ಖಾಲಿ ಕೊಡಬಾರದೆಂದು ಒಳಗೆ ಒಂದು ಹಿಡಿ ಸಕ್ಕರೆ ಹಾಕಿ ವಾಪಸು ಬಂತು. ಮನೆಯ ಮಗುವಿಗೆ ಊಟ ಹಾಕುವಾಗ ಡಬ್ಬಿಯೂ ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ಅಮ್ಮ ಆ ಸಕ್ಕರೆ ನೋಡಿ ಮೊದಲ ಸಲ ಅತ್ತಳು. ಅಪ್ಪನೊಡನೆ ಮಾತು ಬಿಟ್ಟಿದ್ದವಳು ಅವತ್ತು ಬಾಯಿ ತೆರೆದಳು. ಆ ಹುಡುಗಿ ಹೇಳಿದ್ದು ನಿಮ್ಮ ಕಣ್ಣೆದುರಿಗೆ ನನ್ನ ಕೈಯಿಂದ ತಿಂದದ್ದನ್ನು ಎಂದಳು. ಅಪ್ಪ, ನಾನು ಹೋಟೆಲಿನವ, ಗೊತ್ತಿದ್ದದ್ದನ್ನು ಹೇಳಿದೆ, ಎದುರು ಕೂತದ್ದು ಸ್ವಂತ ಮಗಳು ಎಂದೂ ನೋಡಲಿಲ್ಲ ಎಂದರು.

“ನಿಮಗೆ ಗೊತ್ತಿದ್ದದ್ದು ಎರಡು. ಹೇಳಿದ್ದು ಒಂದು.”

ಅಪ್ಪ ಎದ್ದರು. ಶರ್ಟು ಹಾಕಿಕೊಂಡು ಕೆಳಗೆ ಹೋಗಿ, ಹೇಮಾಳನ್ನೂ ನಮ್ಮ ಜೊತೆ ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ, ಟಿಕೆಟ್ ನನ್ನದು ಎಂದು ಕೇಳಿಕೊಂಡರು. ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಹೇಮಾಳ ಅಪ್ಪನ ದನಿಯಲ್ಲಿ ಕೋಪವಿರಲಿಲ್ಲ.

“ಗೆದ್ದು ಹೋಗಿದ್ರೆ ಅವಳಾಗೇ ಹೋದ ಹಾಗೆ. ಈಗ ಕಳಿಸಿದ್ರೆ ನಾನು ಕಳಿಸಿದ ಹಾಗೆ ಆಗತ್ತೆ ಸ್ವಾಮಿ. ಬೇಡಿ.”

ಇನ್ನು ಉಳಿದದ್ದು ಒಂದೇ ದಾರಿ. ಅದನ್ನೂ ಅಮ್ಮನೇ ಹೇಳಿದಳು. ಹಿಟ್ಟು ನಾದುತ್ತಾ, ನನ್ನ ಮುಖ ನೋಡದೆ, ಶೈಲಾ, ನಿನಗೆ ಹೊರಡುವ ದಿನ ಜ್ವರ ಬರಬಹುದಲ್ಲ ಎಂದಳು. ನಾನು ಹೋಗದಿದ್ದರೆ ಎರಡನೆಯವಳನ್ನು ಕಳಿಸುತ್ತಾರೆ. ಅರ್ಥವಾಗದವಳ ಹಾಗೆ ನಾನು ನೀರಿನ ಕೊಡ ಎತ್ತಿಕೊಂಡು ಅಡಿಪಂಪಿಗೆ ಹೋದೆ. ಅಮ್ಮ ಇನ್ನೊಮ್ಮೆ ಹೇಳಲಿಲ್ಲ. ಹೇಳಿದ್ದರೆ ಒಪ್ಪುತ್ತಿದ್ದೆನೇನೋ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುವುದುಂಟು, ಆದರೆ ಅದು ನಿಜವಲ್ಲ. ನಾನು ಆ ರೈಲು ಹತ್ತಲೇಬೇಕೆಂದಿದ್ದೆ.

ಹೊರಡುವ ಬೆಳಿಗ್ಗೆ ಹೇಮಾ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಅಜ್ಜಿ ಮನೆಗೆ ದಾರಿ ಹೇಳಿದಳು: ಹಿಟ್ಟಿನ ಗಿರಣಿ ದಾಟಿ ಎಡಕ್ಕೆ, ಬಾಗಿಲಿಗೆ ನೀಲಿ ಬಣ್ಣದ ಕಬ್ಬಿಣದ ಜಾಲರಿ ಇರುವ ಮನೆ. ನಾನು ಚೆನ್ನಾಗಿದ್ದೇನೆ ಎಂದು ಹೇಳು ಎಂದಳು. ಅಷ್ಟನ್ನೂ ಕನ್ನಡದಲ್ಲಿ ಹೇಳಿದಳು.

ಮೈಸೂರಿನಲ್ಲಿ ಅಪ್ಪ ನನಗೆ ಅರಮನೆ ತೋರಿಸುವ ಬದಲು ಹೋಟೆಲು ತೋರಿಸಿದರು. ಸಿಕ್ಕಿದ ಹೋಟೆಲಿಗೆಲ್ಲ ನುಗ್ಗಿ ಮೈಸೂರು ಬೋಂಡ ಕೊಡಿ ಎನ್ನುವುದು, ಬಂದ ಮೇಲೆ ಬೆರಳಿನಲ್ಲಿ ಮುರಿದು ಒಳಗಿನ ತಿರುಳನ್ನು ಬೆಳಕಿಗೆ ಹಿಡಿದು ನೋಡುವುದು. ಒಂದು ಕಡೆ ಉದ್ದು ಸಿಕ್ಕಿತು. ಅಪ್ಪನ ಮುಖಕ್ಕೆ ಸ್ವಲ್ಪ ರಕ್ತ ಬಂತು. ಮುಂದಿನ ಬೀದಿಯಲ್ಲಿ ಮೈದಾ, ಮೊಸರಿನ ಹುಳಿ ಸಮೇತ, ಥೇಟ್ ಅಮ್ಮನ ಕೈಯದು. ಇನ್ನೊಂದು ಕಡೆ ಮಾಣಿ, ಆ ಹೆಸರಿನದು ನಮ್ಮಲ್ಲಿ ಇಲ್ಲ ಸಾರ್, ಬೋಂಡ ಸೂಪ್ ಇದೆ, ಕೊಡ್ಲಾ ಎಂದ. ಆ ಇಡೀ ಪ್ರಯಾಣದಲ್ಲಿ ಅಪ್ಪ ಉದ್ದಿನದೊಂದು, ಮೈದಾದ್ದೊಂದು, ಎರಡು ತುಂಡುಗಳನ್ನು ಮುಂದಿಟ್ಟುಕೊಂಡವರ ಹಾಗೆ ಕೂತಿದ್ದರು. ಅವರಿಗೆ ಬೇಕಾಗಿದ್ದದ್ದು ತಾನು ಸರಿ ಎನ್ನುವ ಒಂದು ಮಾತು, ಇಲ್ಲವೇ ತಾನು ತಪ್ಪು ಎನ್ನುವ ಒಂದು ಮಾತು. ಮೈಸೂರು ಎರಡನ್ನೂ ಕೊಡಲಿಲ್ಲ. ಸ್ಪರ್ಧೆಯಲ್ಲಿ ನಾನು ಬೇಗನೆ ಸೋತು ಇಳಿದೆ. ಯಾವ ಪ್ರಶ್ನೆಗೆ ಸೋತೆನೆಂದು ನೆನಪಿಲ್ಲ.

ಪೆರಂಬೂರಿಗೆ ವಾಪಸು ಬಂದ ಮೇಲೆ ನಮ್ಮ ಮನೆಯಲ್ಲಿ ನೀರಿನ ಹಿಂದೆಯೇ ಅನ್ನ ಬರತೊಡಗಿತು. ಅಪ್ಪ ಪ್ರಶ್ನೆ ಕೇಳುವುದನ್ನು ಬಿಟ್ಟರು. ಹೋಟೆಲಿನಲ್ಲಿ ಗಿರಾಕಿಗಳು ಏನಾದರೂ ಹೇಳಿದರೆ ಹೌದಾ ಎಂದು ತಲೆಯಾಡಿಸಿ ಚಿಲ್ಲರೆ ಎಣಿಸುತ್ತಿದ್ದರಂತೆ. ಹೇಮಾ ಮತ್ತೆ ನಮ್ಮ ಚಾಪೆಯ ಮೇಲೆ ಕೂರಲಿಲ್ಲ. ಮರುವರ್ಷ ಅವಳ ಅಜ್ಜಿ ತೀರಿಕೊಂಡ ಸುದ್ದಿ ಬಂತು. ಆಗ ಅವಳ ಅಪ್ಪ ತಮ್ಮ ಮಾತು ತಾವೇ ಮುರಿದು ಮಗಳನ್ನು ಕರೆದುಕೊಂಡು ಹೋದರು. ಹೊತ್ತು ಮೀರಿತ್ತು. ಈಗ ನಾನು ಮಾಧವರಂನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಹಬ್ಬಹರಿದಿನಕ್ಕೆ ಕೆಳಗೆ ಎಲ್ಲರೂ ಸೇರಿ ಕ್ವಿಜ್ ಆಡುತ್ತಾರೆ. ಉತ್ತರ ನಾಲಿಗೆಯ ತುದಿಯಲ್ಲಿದ್ದರೂ ನಾನು ಬಾಯಿ ಬಿಡುವುದಿಲ್ಲ, ಪಾಪ ಇವರಿಗೆ ತಿಳಿವಳಿಕೆ ಅಷ್ಟಕ್ಕಷ್ಟೇ ಎಂದು ನೆರೆಯವರು ತಿಳಿದಿದ್ದಾರೆ. ಹೇಮಾ ಹೊಸೂರಿನಲ್ಲಿದ್ದಾಳೆ, ಫೋನಿನಲ್ಲಿ ಶುಭಾಶಯ ಕಳಿಸುತ್ತಾಳೆ, ಮಗನ ಫೋಟೋ ಕಳಿಸುತ್ತಾಳೆ. ನಾನು ತಮಿಳಿನಲ್ಲಿ ಡೀ ಎಂದು ಬರೆದರೆ ಅವಳಿಂದ ಕನ್ನಡದಲ್ಲಿ, ಒಂದು ಕಾಗುಣಿತವೂ ತಪ್ಪದ ಕನ್ನಡದಲ್ಲಿ, ಉತ್ತರ ಬರುತ್ತದೆ. ನಾನು ಅವಳಿಗೆ ಹೇಳದೆ ಉಳಿಸಿಕೊಂಡದ್ದು ಮೈಸೂರಿನ ಕೊನೆಯ ದಿನ ನಡೆದದ್ದನ್ನು ಮಾತ್ರ. ಅಜ್ಜಿಯನ್ನು ನೋಡಿದೆವು, ಚೆನ್ನಾಗಿದ್ದಾರೆ ಎಂದಷ್ಟೇ ಹೇಳಿದ್ದೆ.

ರೈಲಿಗೆ ಮುಂಚೆ ಆ ಮನೆ ಹುಡುಕಿಕೊಂಡು ಹೋದೆವು. ಜಾಲರಿಯ ಹಿಂದೆ ಒಳಗಿನಿಂದ ಯಾರು ಎಂಬ ದನಿ ಬಂತು. ಅಪ್ಪ ಚಪ್ಪಲಿ ಬಿಡುತ್ತಾ, ಪೆರಂಬೂರಿನಿಂದ ಬಂದಿದ್ದೇವಮ್ಮ, ನಿಮ್ಮ ಹೇಮಾ ಇದ್ದಾಳಲ್ಲ ಎಂದು ಶುರುಮಾಡಿದರು. ಅವರ ಮಾತಿನಲ್ಲಿ ಅಜ್ಜಿಗೆ ಕೇಳಿಸಿದ್ದು ಆ ಒಂದು ಹೆಸರು. ಗೋಡೆ ಹಿಡಿದುಕೊಂಡು ಬಂದರು, ಜಾಲರಿಯ ಚಿಲಕ ತಡವಿ ತೆಗೆದರು, ಬಾಗಿಲಲ್ಲಿ ನಿಂತಿದ್ದ ಎರಡು ಜಡೆಯ ಹುಡುಗಿಯನ್ನು ಎರಡೂ ಕೈಯಿಂದ ಹಿಡಿದು ಎದೆಗೆ ಒತ್ತಿಕೊಂಡರು. ಅವರ ಸೀರೆಗೆ ಅಮೃತಾಂಜನದ ವಾಸನೆ ಇತ್ತು. ಬಂದ್ಯಾ, ಬಂದ್ಯಾ ಎನ್ನುತ್ತಾ ನನ್ನ ತಲೆ, ಕಿವಿ, ಜಡೆ ಎಲ್ಲ ಸವರಿದರು. ನಾನು ಅಲ್ಲ ಎನ್ನಬೇಕಿತ್ತು. ಅಪ್ಪನೂ ಅನ್ನಬೇಕಿತ್ತು. ಅಜ್ಜಿ ನನ್ನ ಕೆನ್ನೆಗಳನ್ನು ಹಿಡಿದು ಮುಖವನ್ನು ಮೇಲೆತ್ತಿದರು.

“ನಿಮ್ಮಮ್ಮನ ಹೆಸರು ಹೇಳು ಮಗು. ನಿನ್ನ ಬಾಯಲ್ಲಿ ಒಂದ್ಸಲ ಕೇಳ್ಬೇಕು.”

ಆ ಹೆಸರು ನನಗೆ ಗೊತ್ತಿತ್ತು. ಕಮಲಾ ಎಂದು ಅಮ್ಮ ಎಷ್ಟು ಸಲ ಹೇಳಿದ್ದಳು. ಆದರೆ ಯಾರಾದರೂ ಕೇಳಿದ ಕೂಡಲೇ ಸರಿಯಾದದ್ದನ್ನು ಹೇಳಿಬಿಡುವ ಬುದ್ಧಿ ನನ್ನದು, ನನ್ನಮ್ಮನ ಹೆಸರನ್ನೇ ಹೇಳಿದೆ, ಗಿರಿಜಾ ಎಂದೆ. ಅಜ್ಜಿಯ ಕೈಗಳು ನನ್ನ ಕೆನ್ನೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ಅವರು ಕೈ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, ಹಿಂದೆ ಸರಿದು, ಹೊಸಿಲ ಪಕ್ಕದ ಮಣೆಯ ಮೇಲೆ ಕೂತರು. ಆಗ ಅಪ್ಪನಿಗೆ ದನಿ ಬಂತು. ನಾವು ಯಾರು, ಯಾಕೆ ಬಂದೆವು, ಹೇಮಾ ಚೆನ್ನಾಗಿದ್ದಾಳೆ, ಚೆನ್ನಾಗಿ ಓದುತ್ತಾಳೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದರು. ಅಜ್ಜಿ ತಲೆಯಾಡಿಸುತ್ತಾ ಕೇಳಿದರು. ನಮ್ಮ ಮೇಲೆ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಬಂದವರನ್ನು ನಿಲ್ಲಿಸಿಬಿಟ್ಟೆ, ಕೂತ್ಕೊಳ್ಳಿ ಎಂದರು. ಆಮೇಲೆ ನಾನಿದ್ದ ಕಡೆಗೆ ಮುಖ ತಿರುಗಿಸಿದರು.

“ಮೇಲ್ಗಡೆ ಮನೆಯೋರು ಮಗೂಗೆ ಊಟ ಹಾಕ್ತಾರೆ ಅಂತ ಹಿಂದೆ ಯಾರೋ ಬಂದೋರು ಹೇಳಿದ್ರು. ಅದೊಂದನ್ನ ನೆನೆಸ್ಕೊಂಡೇ ನಾನು ಇಲ್ಲಿ ಎರಡು ತುತ್ತು ತಿನ್ನೋದು. ಆ ಮನೆಯೋರು ನೀವೇನಾ? ನಿಮ್ಮಮ್ಮ ಈಗ್ಲೂ ಹಾಕ್ತಾರಾ?”

ಅಪ್ಪ ನೆಲ ನೋಡುತ್ತಿದ್ದರು.

“ಹಾಕ್ತಾಳೆ ಅಜ್ಜಿ,” ಎಂದೆ. “ದಿನಾ ಹಾಕ್ತಾಳೆ.”